ಜಾಲಿಮುಳ್ಳು ತಂಡದ ಎರಡನೇ ಕ್ಯಾಸೆಟ್

ಕೊಟ್ಟೂರಿನ ಗುರುಸಂಗಪ್ಪನವರ ಶಾಮಿಯಾನದ ಅಂಗಡಿ ಎಂದರೆ ಸುತ್ತಲ ಹತ್ತೂರಿಗೆ ಗೊತ್ತು. ಕಂಬ, ಹಗ್ಗ, ಜಮಖಾನೆ, ಇನ್ನೂರು ಮಂದಿಗೆ ಅನ್ನ ಬೇಯುವ ಹಂಡೆ, ಮೈಕ್‌ಸೆಟ್ಟು, ಎಲ್ಲಾ ಅಲ್ಲಿ ಬಾಡಿಗೆಗೆ ಸಿಗುತ್ತಿತ್ತು. "ತೊಟ್ಟಿಲಿಗೂ ನಾವ, ಚಟ್ಟಕ್ಕೂ ನಾವ" ಎಂದು ಯಜಮಾನರು ಗಿರಾಕಿಗಳಿಗೆ ಹೇಳಿ ನಗುತ್ತಿದ್ದರು. ಆದರೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಸುರುಳಿ ಸುತ್ತಿಟ್ಟ ಜಮಖಾನೆಗಳ ನಡುವೆ ಕೂತು ಅವರ ಮಗ ಅರುಣಕುಮಾರ್ ಏಳು ವರ್ಷದಿಂದ ಏನು ಮಾಡುತ್ತಿದ್ದಾನೆ ಎಂಬುದು ಮಾತ್ರ ಆ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಅದು ಹಾಡೇನಲೇ, ಗಿರಣಿ ಬೆಲ್ಟ್ ಹರದೈತೇನು?" ಎಂದು ಗುರುಸಂಗಪ್ಪನವರೇ ಕೇಳಿದ್ದರು.

ಅದಕ್ಕೆ ಥ್ರ್ಯಾಶ್ ಮೆಟಲ್ ಎನ್ನುತ್ತಾರೆ. ಗಿಟಾರನ್ನು ಮೀಟುವುದಲ್ಲ, ಕಟ್ಟಿಗೆ ಕಡಿದ ಹಾಗೆ ಕಡಿಯುವುದು, ಹಾಡುವುದಲ್ಲ, ಒದರುವುದು, ಡ್ರಮ್ಮು ಬ್ರೇಕ್ ಹೋದ ಲಾರಿಯ ಹಾಗೆ ಇಳಿಜಾರಿನಲ್ಲಿ ಬರಬೇಕು. ದಾವಣಗೆರೆಯಲ್ಲಿ ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಕೋಣೆಯಲ್ಲಿ ನಾಗಾಲ್ಯಾಂಡಿನ ಹುಡುಗನೊಬ್ಬನಿದ್ದ. ಅವನ ಟ್ರಂಕಿನಲ್ಲಿ ಬಟ್ಟೆಗಿಂತ ಕ್ಯಾಸೆಟ್ಟು ಹೆಚ್ಚು. ಡಿಪ್ಲೊಮಾ ಅರ್ಧಕ್ಕೆ ನಿಂತಿತು, ಕಿವಿಗೆ ಹತ್ತಿದ ಹುಚ್ಚು ನಿಲ್ಲಲಿಲ್ಲ. ಊರಿಗೆ ಬಂದ ಅರುಣ ಅಪ್ಪನ ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಗಿಟಾರು ಸಿಕ್ಕಿಸಿ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಬಟ್ಟೆ ಹರಿದಂಥ ಸದ್ದು ಬಂತು. ಬೇಕಾಗಿದ್ದೂ ಅದೇ.

ತಂಡಕ್ಕೆ 'ಜಾಲಿಮುಳ್ಳು' ಎಂದು ಹೆಸರಿಟ್ಟವನು ಹರಪನಹಳ್ಳಿಯ ಗವಿಸಿದ್ದೇಶ್. ಪದ ಕಟ್ಟುವವನೂ ಒದರುವವನೂ ಅವನೇ. ಬೇಸ್ ಗಿಟಾರಿಗೆ ಹಡಗಲಿಯ ಶ್ರೀನಾಥ. ಡ್ರಮ್ಮಿಗೆ ಗಾದೆಪ್ಪ.

ಈ ಗಾದೆಪ್ಪ ಎಲ್ಲಿಂದಲೋ ಹುಡುಕಿ ತಂದವನಲ್ಲ. ಅಂಗಡಿಯಲ್ಲೇ ಕಂಬ ನೆಡುವ ಕೆಲಸಕ್ಕಿದ್ದವನು. ಕೂಡ್ಲಿಗಿ ದಾಟಿ ಗುಡೇಕೋಟೆ ರಸ್ತೆಯಲ್ಲಿ ಸಿಗುವ ಒಂದು ಸಣ್ಣ ಹಳ್ಳಿಯ ಕೇರಿಯವನು. ಒಂದು ಮಧ್ಯಾಹ್ನ ಗೋದಾಮಿನಲ್ಲಿ ಹಂಡೆಗಳನ್ನು ಬೋರಲು ಹಾಕಿ ಎರಡು ಗೂಟ ಹಿಡಿದು ಬಾರಿಸುತ್ತಿದ್ದ. ಅರುಣ ಬಾಗಿಲಲ್ಲೇ ನಿಂತುಬಿಟ್ಟ. ಹಾಸ್ಟೆಲಿನ ಕ್ಯಾಸೆಟ್ಟುಗಳಲ್ಲಿ ಕೇಳಿದ್ದಕ್ಕೂ ಇದಕ್ಕೂ ವೇಗದಲ್ಲಿ ಫರಕಿರಲಿಲ್ಲ; ಸಿಟ್ಟು ಇಲ್ಲೇ ಒಂದು ಗುಲಗಂಜಿ ಹೆಚ್ಚಿತ್ತು.

"ಯಾರ್ ಕಲಿಸಿದ್ರಲೇ ಇದನ್ನ?"

"ನಮ್ಮ ಸೋದರಮಾವ ಜಂಬಣ್ಣ. ಹಲಗಿ ಹಿಡದ್ರ ಸತ್ತ ಹೆಣ ಎದ್ದು ಕುಂದ್ರಬೇಕು, ಹಂಗ ಬಾರಸ್ತಾನ."

ಆಮೇಲೆ ಇಬ್ಬರೂ ಸೇರಿ ಡ್ರಮ್ ಸೆಟ್ಟು ಮಾಡಿದರು. ಹೊಸಪೇಟೆಯಲ್ಲಿ ಮುಚ್ಚಿಹೋದ ಬ್ಯಾಂಡ್ ಕಂಪನಿಯ ದೊಡ್ಡ ಡ್ರಮ್ಮು, ಹೊಲಿಗೆ ಮಷೀನಿನ ಪೆಡಲ್ಲು, ಹಂಡೆಯ ಹಿತ್ತಾಳೆ ಮುಚ್ಚಳ. ನಡುವೆ, ಪೆಟ್ರೋಮ್ಯಾಕ್ಸ್ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಜಂಬಣ್ಣನ ಹಳೆಯ ಚರ್ಮದ ಹಲಗೆ. ಅದರ ಅಂಚು ಒಂದು ಕಡೆ ಹರಿದು, ಹೊಲಿದದ್ದು. ಪ್ರತಿ ಏಟಿನ ಬಾಲಕ್ಕೆ ಒಂದು 'ಜರ್‌ರ್' ಅಂಟಿಕೊಂಡು ಬರುತ್ತಿತ್ತು. ಬಾರಿಸುವ ಮೊದಲು ಹಿತ್ತಲಲ್ಲಿ ಹಳೇ ಪೇಪರು ಉರಿಸಿ ಅದನ್ನು ಕಾಸಬೇಕು. ಗುರುಸಂಗಪ್ಪನವರು ಶಾಮಿಯಾನದ ಬಟ್ಟೆಗೆ ಕಿಡಿ ಹಾರೀತೆಂದು ಬಿಂದಿಗೆ ನೀರು ಹಿಡಿದು ಕಾವಲು ನಿಲ್ಲುತ್ತಿದ್ದರು. ಬೈಯುತ್ತಲೇ ನಿಲ್ಲುತ್ತಿದ್ದರು.

ಗೋದಾಮಿನ ಷಟರ್ ಇಳಿಸಿದರೆ ಗಾದೆಪ್ಪ ಅರುಣನಿಗೆ "ಲೇ" ಎನ್ನುತ್ತಿದ್ದ. "ಲೇ ಅರುಣಾ, ನೀ ಮುಂದ ಓಡಬ್ಯಾಡಲೇ, ನನ್ನ ಹಿಂದ ಬಾ." ಷಟರ್ ಎತ್ತಿದರೆ "ಸಣ್ಣ ಸಾವುಕಾರ್ರ". ಅರುಣನಿಗೆ ಇದೊಂದು ತಮಾಷೆ. ಒಳಗಿನದು ನಿಜ, ಹೊರಗಿನದು ಅಪ್ಪನ ಎದುರಿಗೆ ಆಡುವ ನಾಟಕ ಎಂದು ಅವನು ತಿಳಿದಿದ್ದ.

ತೊಂಬತ್ತೆಂಟರಲ್ಲಿ ಮೊದಲ ಕ್ಯಾಸೆಟ್ಟು ಬಂತು. ಐವತ್ತು ಪ್ರತಿ. ಎರಡು ಸಾವಿರದ ಇಸವಿಯಲ್ಲಿ ಗವಿಸಿದ್ದೇಶನಿಗೆ ಮದುವೆಯಾಯಿತು. ಮಾವ ಚಿಗಟೇರಿಯಲ್ಲಿ ಗೊಬ್ಬರದ ಅಂಗಡಿ ಹಾಕಿಕೊಟ್ಟ, ಒದರುವ ಬಾಯಿಯಲ್ಲಿ ಯೂರಿಯಾದ ಲೆಕ್ಕ ಬಂತು. ಒದರುವುದನ್ನು ಅರುಣನೇ ಕಲಿತ. ಆದರೆ ಮರುವರ್ಷ ಏಪ್ರಿಲ್‌ನಲ್ಲಿ ಗಾದೆಪ್ಪನೂ ಬಿಟ್ಟುಹೋದಾಗ ಗೋದಾಮು ಮೂಕವಾಯಿತು. ಡ್ರಮ್ಮಿಲ್ಲದ ಥ್ರ್ಯಾಶ್ ಎಂದರೆ ಎಂಜಿನ್ ಇಲ್ಲದ ಲಾರಿ: ಬಣ್ಣ ಹೊಡೆಯಬಹುದು, ಹಾರ್ನ್ ಒತ್ತಬಹುದು, ಅಷ್ಟೇ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅರುಣನಿಗೆ ಮೂವತ್ತು ತುಂಬಿತು. ಈ ವರ್ಷ ಎರಡನೇ ಕ್ಯಾಸೆಟ್ಟು ಬರದಿದ್ದರೆ ಇನ್ನು ಬರುವುದೇ ಇಲ್ಲ ಎಂದು ಅವನಿಗೆ ಅನ್ನಿಸಿತು. ಕೂಡ್ಲಿಗಿಯ ಬಸ್ಸು ಹತ್ತಿದ.

ಗಾದೆಪ್ಪ ಕೂಡ್ಲಿಗಿಯಲ್ಲಿ ಗಾರೆ ಕೆಲಸದಲ್ಲಿದ್ದ. ಕಟ್ಟುತ್ತಿದ್ದ ಮನೆಯ ಅಟ್ಟಣಿಗೆಯಿಂದ ಇಳಿದು ಬಂದು ಸಿಮೆಂಟಿನ ಕೈಯನ್ನು ಲುಂಗಿಗೆ ಒರೆಸಿಕೊಂಡ.

"ಬರ್ರಿ ಸಣ್ಣ ಸಾವುಕಾರ್ರ."

"ಇಲ್ಲಿ ಯಾರದಾರಲೇ? ರೀ ಯಾಕ ಹಚ್ಚತಿ?"

"ಹಂಗ ಬಂತು ಬಾಯಾಗ" ಎಂದು ನಕ್ಕ ಗಾದೆಪ್ಪ. "ಚಾ ಕುಡಿಯೂಣ ಬಾ."

ಚಾ ಕುಡಿಯುತ್ತ ಅರುಣ ಎಲ್ಲ ಹೇಳಿದ. ಏಳು ಹಾಡು, ಹರಪನಹಳ್ಳಿಯ ಪಂಚಾಕ್ಷರಪ್ಪನ ರೆಕಾರ್ಡಿಂಗ್ ಕೋಣೆ, ಎರಡೇ ದಿನ. ಗಾದೆಪ್ಪ ಲೋಟದ ತಳ ನೋಡುತ್ತ ಕೇಳಿಸಿಕೊಂಡ.

"ಆಣಿ ಮಾಡೀನಿ ಅರುಣಾ. ಇಡೀ ಕೇರಿ ಮಾಡೈತಿ. ಊರಿಗೆ ಹಲಗಿ ಬಾರಸಂಗಿಲ್ಲ. ಹೆಣಕ್ಕಿಲ್ಲ, ದೇವರಿಗಿಲ್ಲ, ಡಂಗುರಕ್ಕಿಲ್ಲ. ಕೇರಿ ಸಂಘದ ಪುಸ್ತಕದಾಗ ಮೊದಲ್ನೇ ಸಹಿ ನಂದ ಐತಿ."

"ಅದು ಊರಿಗೆ. ನಾ ಊರಾ? ಇದು ಬ್ಯಾಂಡು."

"ನೀ ಕೇರಿಯಾವಾ?"

"ಅಲ್ಲ..."

"ಮತ್ತ?"

ತಾನು ಅಂಗಡಿಯ ಮಗ, ಡಿಪ್ಲೊಮಾ ಬಿಟ್ಟವನು, ಜಾಲಿಮುಳ್ಳಿನವನು, ಇವೆಲ್ಲ ಅರುಣನಿಗೆ ಗೊತ್ತಿತ್ತು. ತಾನು 'ಊರು' ಎಂಬುದು ಅವತ್ತಿನ ತನಕ ಅವನಿಗೆ ಯಾರೂ ಹೇಳಿರಲಿಲ್ಲ.

"ಹಲಗಿ ಬ್ಯಾಡ ಬಿಡು. ಹೊಸ ಡ್ರಮ್ ಸೆಟ್ ತರ್ಸೂಣು. ಪ್ಲಾಸ್ಟಿಕ್ಕಿಂದು, ಚರ್ಮ ಇರಂಗಿಲ್ಲ."

"ಕೈ ನಂದ ಅಲ್ಲೇನು?" ಗಾದೆಪ್ಪ ಲೋಟ ಕೆಳಗಿಟ್ಟ. "ನಮ್ಮ ಮಾವ ಏನ್ ಮಾಡಿದ ಗೊತ್ತೇನು? ಆಣಿ ಮಾಡಿ ಎರಡ್ ತಿಂಗಳಾಗಿತ್ತು, ನಮ್ಮೂರ ಗೌಡ ಸತ್ತ. ಗೌಡ ಬದುಕಿದ್ದಾಗ ಮಾವನ ಕಡಿಯಿಂದ ಮಾತು ತಗಂಡಿದ್ನಂತ, ನನ್ನ ಹೆಣದ ಮುಂದ ನೀನ ಬಾರಸ್ಬೇಕು ಅಂತ. ಮುದುಕ ಹಲಗಿ ಹಾಕ್ಯಂಡು ಹೋಗಿಬಿಟ್ಟ. ನಾ ಹೆಣದ ಮುಂದನ ಹೋಗಿ ಅವನ ಹೆಗಲಿಂದ ಹಲಗಿ ಕಸಗಂಡೆ. ಕೇರಿಗೆ ತಂದು ಎಲ್ಲಾರ ಮುಂದ ಸುಟ್ಟೆ. ನಿನ್ನ ಗೋದಾಮಿನ್ಯಾಗ ಇತ್ತಲ್ಲ, ಕೆಲಸ ಬಿಟ್ಟಾಗ ಒಯ್ದು ಮಾವಗ ಕೊಟ್ಟಿದ್ದೆ, ಅದ ಹಲಗಿ. ನನಗ ಬಾರ್ಸೋದು ಕಲಿಸಿದ ಹಲಗಿ. ಅವತ್ತಿಂದ ಮಾವ ನನ್ನ ಕೂಡ ಮಾತಾಡಿಲ್ಲ. ಈಗ ನಾ ನಿನ್ನ ಕ್ಯಾಸೆಟ್ಟಿಗೆ ಬಾರಿಸಿದ್ರ, ಆ ಮುದುಕಗ ಹೆಂಗ ಮುಖ ತೋರಸ್ಲಿ? ಕೇರಿಗೆ ಹೆಂಗ ತೋರಸ್ಲಿ?"

ಬಸ್ ಸ್ಟ್ಯಾಂಡಿನ ತನಕ ಬಂದು ಬೀಳ್ಕೊಟ್ಟ. ಬಸ್ಸು ಹೊರಟ ಮೇಲೆ ಅರುಣನಿಗೆ ಅವನ ಮಾತಿಗಿಂತ ಹೆಚ್ಚಾಗಿ ಒಂದೇ ಸಂಗತಿ ಕಾಡಿತು: ಚಾ ಅಂಗಡಿಯ ಬೆಂಚಿನ ಮೇಲೆ ಅವನ ಎರಡು ಬೆರಳು ಉದ್ದಕ್ಕೂ ತಾಳ ಹಾಕುತ್ತಲೇ ಇದ್ದವು.

ತೆಲಿಗಿಯಲ್ಲಿ ಮಲ್ಲನಗೌಡ ಎಂಬ ಹುಡುಗನಿದ್ದ, ಆರ್ಕೆಸ್ಟ್ರಾದಲ್ಲಿ ಪ್ಯಾಡ್ ಬಾರಿಸುವವನು. ಅವನನ್ನು ಕರೆತಂದು ಹರಪನಹಳ್ಳಿಯಲ್ಲಿ ಒಂದು ದಿನ ನೋಡಿದರು. ಲೆಕ್ಕ ತಪ್ಪಲಿಲ್ಲ, ವೇಗ ಕುಂದಲಿಲ್ಲ. ಭಜನೆ ಪದ, ಸೋಬಾನೆ ಪದಗಳ ಕ್ಯಾಸೆಟ್ಟು ಮಾಡಿಯೇ ತಲೆ ಬೆಳ್ಳಗಾದ ಪಂಚಾಕ್ಷರಪ್ಪ ಕಿವಿಯಿಂದ ಹೆಡ್‌ಫೋನ್ ತೆಗೆದು ಹೇಳಿದ:

"ಹುಡುಗ ಚೆನ್ನಾಗೇ ಬಾರಿಸ್ತಾನೆ ಕಣಪ್ಪಾ. ಆದ್ರೆ ಮದುವೆ ಮನೇಲಿ ಊಟಕ್ಕೆ ಏಳ್ರಿ ಅಂದಂಗೆ ಬಾರಿಸ್ತಾನೆ. ನಿಂದು ನೋಡಿದ್ರೆ ಮನೆಗೆ ಬೆಂಕಿ ಬಿದ್ದಂಗೆ ಐತೆ. ಎರಡೂ ಕೂಡಲ್ಲ."

ಮಲ್ಲನಗೌಡ ಬೇಜಾರು ಮಾಡಿಕೊಳ್ಳಲಿಲ್ಲ. ಅವನಿಗೆ ಅವತ್ತು ಸಂಜೆ ನಿಜವಾಗಿಯೂ ಒಂದು ಮದುವೆ ಇತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಅರುಣ ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಶ್ರೀನಾಥನಿಗೆ ಹೇಳಿದ. "ಗಾದೆಪ್ಪಂದು ಒಂದ್ ಕ್ಯಾಸೆಟ್ ಐತಿ."

ಅದು ಶ್ರೀನಾಥನಿಗೂ ಗೊತ್ತಿತ್ತು. ಎರಡು ಸಾವಿರದ ಡಿಸೆಂಬರಿನಲ್ಲಿ, ಆಣೆಗಿಂತ ನಾಲ್ಕು ತಿಂಗಳು ಮೊದಲು, ಗೋದಾಮಿನಲ್ಲಿ ಮಾಡಿದ್ದು. ಮೊದಲು ಡ್ರಮ್ಮಿನ ಅಡಿಪಾಯ ಹಾಕಿ, ಗೋಡೆ ಆಮೇಲೆ ಏರಿಸೋಣ ಎಂದುಕೊಂಡಿದ್ದರು. ಗಾದೆಪ್ಪನ ಎದುರಿಗೆ ಅರುಣ ಬರೀ ತಲೆ ಆಡಿಸುತ್ತ ನಿಂತಿದ್ದ. ಗಾದೆಪ್ಪ ಏಳೂ ಹಾಡನ್ನು ಒಂದೇ ಮಧ್ಯಾಹ್ನ, ಕರೆಂಟು ಹೋಗುವುದರೊಳಗೆ ಬಾರಿಸಿ ಮುಗಿಸಿದ್ದ. ಗಿಟಾರಿಲ್ಲ, ಮಾತಿಲ್ಲ. ಬರೀ ಅವನ ಕೈ.

"ಅದರ ಮ್ಯಾಲೆ ನಾವು ಬಾರ್ಸೂಣು" ಎಂದ ಅರುಣ.

"ಅವಗ ಒಂದ್ ಮಾತು ಕೇಳು."

"ಆಣಿಗಿಂತ ಮೊದಲಿಂದು ಅದು. ಅದರಾಗೇನ್ ತಪ್ಪೈತಿ?"

"ತಪ್ಪಿಲ್ಲಂದ್ರ ಕೇಳಾಕೇನು?"

"ಕೇಳಿದ್ರ ಬ್ಯಾಡ ಅಂತಾನ."

"ಅಂದ್ರ ನಿಂಗ ಗೊತ್ತೈತಿ" ಎಂದು ಶ್ರೀನಾಥ ಕಿಟಕಿಯ ಕಡೆ ಮುಖ ತಿರುಗಿಸಿದ. ಆದರೂ ಮುಂದಿನ ವಾರ ಬೇಸ್ ಹೊತ್ತುಕೊಂಡು ಅವನೂ ಬಂದ. ಅವನಿಗೂ ಮೂವತ್ತಾಗಿತ್ತು.

ಆ ಎರಡು ದಿನ ಅರುಣ ತನ್ನ ಜೀವಮಾನದಲ್ಲೇ ಚೆನ್ನಾಗಿ ಬಾರಿಸಿದ. ಒಂದು ಡೆಕ್ಕಿನಲ್ಲಿ ಹಳೆಯ ಕ್ಯಾಸೆಟ್ಟು ತಿರುಗುತ್ತಿತ್ತು. ಗಾದೆಪ್ಪ ಪಕ್ಕದ ಕೋಣೆಯಲ್ಲೇ ಕೂತ ಹಾಗಿತ್ತು. ಎಲ್ಲಿ ಅವನು ಹಿಡಿಯುತ್ತಾನೆ, ಎಲ್ಲಿ ಬಿಡುತ್ತಾನೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಾ ಅರುಣನ ಮೈಗೆ ನೆನಪಿತ್ತು. ಮೂರನೇ ಹಾಡಿನಲ್ಲಿ ಎಲ್ಲ ನಿಂತು ಹಲಗೆಯೊಂದೇ ಓಡುವ ಜಾಗವಿದೆ. ಅಲ್ಲಿಗೆ ಬಂದಾಗ ಪಂಚಾಕ್ಷರಪ್ಪ ಎದ್ದು ನಿಂತ.

"ಯಾರಪ್ಪ ಇವನು?"

"ನಮ್ಮ ಗಾದೆಪ್ಪ."

"ಹೆಸರು ದೊಡ್ಡದಾಗಿ ಹಾಕ್ಸು. ಮುಚ್ಚಿಡಬೇಡ. ಹಿಂದಿನಿಂದ್ಲೂ ಹಲಗೆ ಬಾರಿಸಿದೋನ ಹೆಸರು ಯಾರೂ ಹಾಕಿದ್ದಿಲ್ಲ."

ಈ ಮಾತು ಅರುಣನ ಎದೆಗೆ ನೇರ ಹೋಯಿತು. ತಾನು ಮಾಡುತ್ತಿರುವುದು ಕಳ್ಳತನವಲ್ಲ, ಋಣ ತೀರಿಸುವುದು ಎಂದು ಅವನಿಗೆ ಅವತ್ತು ಖಾತ್ರಿಯಾಯಿತು. ಕ್ಯಾಸೆಟ್ಟಿನ ಹೊದಿಕೆಯಲ್ಲಿ ತನ್ನ ಹೆಸರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ, 'ಡ್ರಮ್ಸ್ ಮತ್ತು ಹಲಗೆ: ಗಾದೆಪ್ಪ' ಎಂದು ಬರೆಸಿದ. ಇಸವಿ ಯಾವುದು ಹಾಕಲಿ ಎಂದು ಪಂಚಾಕ್ಷರಪ್ಪ ಕೇಳಿದ. ಅರುಣ ಹಳೆಯ ಕ್ಯಾಸೆಟ್ಟಿನ ಚೀಟಿಯ ಮೇಲಿನ ತಾರೀಕು ನೋಡಿದ.

"ಈ ವರ್ಷದ್ದೇ ಹಾಕೋಣ ಬಿಡು. ಹಳೇ ಮಾಲು ಅಂದ್ರೆ ಅಂಗಡಿಯೋರು ಮುಟ್ಟಲ್ಲ" ಎಂದು ಪಂಚಾಕ್ಷರಪ್ಪನೇ ಹೇಳಿದ. ಅರುಣ ಹೂಂ ಎಂದ.

ಇನ್ನೂರು ಕ್ಯಾಸೆಟ್ಟು ಬಂದವು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಬಸ್ ಸ್ಟ್ಯಾಂಡುಗಳ ಕ್ಯಾಸೆಟ್ ಅಂಗಡಿಗಳಿಗೆ ಹತ್ತು ಹತ್ತು ಕೊಟ್ಟು ಬಂದ. ಗುರುಸಂಗಪ್ಪನವರು ಹೊದಿಕೆಯನ್ನು ಕನ್ನಡಕ ಏರಿಸಿ ಓದಿ, "ಗಾದ್ಯಾನ ಹೆಸರು ಹಾಕೀದಿ, ಚಲೋ ಮಾಡಿದಿ. ಅವನ್ನ ಕರದು ಒಂದು ಕೊಡು" ಎಂದರು.

"ಕೊಡ್ತೀನಿ ತಡಿ. ಅವಗ ಇನ್ನಾ ಗೊತ್ತಿಲ್ಲ" ಎಂದ ಅರುಣ, ಹಬ್ಬಕ್ಕೆ ಹೊಸ ಬಟ್ಟೆ ಬಚ್ಚಿಟ್ಟವನ ಹಾಗೆ.

ಎಂಟು ದಿನಕ್ಕೆ ಅಂಗಡಿಗೆ ಫೋನ್ ಬಂತು. ಗಾದೆಪ್ಪನ ಹೆಂಡತಿ ನಾಗರತ್ನ, ಕೂಡ್ಲಿಗಿಯ ಎಸ್‌ಟಿಡಿ ಬೂತಿನಿಂದ.

"ಅಣ್ಣಾರ, ನಿಮ್ಮ ಕ್ಯಾಸೆಟ್ಟು ನಮ್ಮ ಮನಿಗಿ ಬಂದೈತ್ರಿ."

"ಹೌದೇನು ತಂಗಿ? ಹೆಂಗೈತಿ? ಏನಂದ ಗಾದೆಪ್ಪ?"



"ಅವ್ರು ಎರಡ್ ದಿನ ಆತು ಉಂಡಿಲ್ರಿ. ಸಂಘದಾರು ಕ್ಯಾಸೆಟ್ ತಂದು ಮುಖದ ಮುಂದ ಹಿಡದ್ರು. ಕದ್ದು ಹೋಗಿ ಬಾರಿಸಿ ಬಂದೀದಿ ಅಂತ. ಮಾವನ ಹಲಗಿ ಸುಟ್ಟು ತಾನು ಸಾವುಕಾರ್ರ ಹಲಗಿ ಬಾರಸ್ಯಾನ ಅಂತ. ಐತವಾರ ಕೂಟ ಐತ್ರಿ. ಏನ್ ಮಾಡಿದ್ರಿ ಅಣ್ಣಾರ ನೀವು?"

ಐತವಾರ ಬೆಳಿಗ್ಗೆ ಅರುಣ ಟೇಪ್ ರೆಕಾರ್ಡರನ್ನೂ ಆ ಹಳೆಯ ಕ್ಯಾಸೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಹೋದ. ಸತ್ಯ ಚೀಲದಲ್ಲೇ ಇದೆ, ಹೇಳಿದರೆ ಮುಗಿಯಿತು ಎಂದು ಅವನ ನಂಬಿಕೆ.

ಕೇರಿಯ ಬೇವಿನ ಮರದ ಕೆಳಗೆ ಜನ ಕೂತಿದ್ದರು. ಯಾರೋ ಓಡಿಹೋಗಿ ಒಂದು ಕುರ್ಚಿ ತಂದರು. ಇಡೀ ಕೂಟಕ್ಕೆ ಅದೊಂದೇ ಕುರ್ಚಿ. ಅರುಣ ಬೇಡವೆಂದ, ಅವರು ಕೇಳಲಿಲ್ಲ, ಕೂತ. ಗಾದೆಪ್ಪ ಎದುರಿಗೆ ನೆಲದ ಮೇಲೆ ಕೂತಿದ್ದ, ತಲೆ ಎತ್ತಲಿಲ್ಲ. ಸಂಘದ ಅಧ್ಯಕ್ಷ ದುರುಗಪ್ಪನ ಕೈಯಲ್ಲಿ ಹೊಸ ಕ್ಯಾಸೆಟ್ಟಿತ್ತು.

"ಇದರಾಗ ಇಸವಿ ಏನ್ ಬರದೈತ್ರಿ ಸಾವುಕಾರ್ರ?"

"ಎರಡು ಸಾವಿರದ ಮೂರು. ಅದು ಕ್ಯಾಸೆಟ್ ಬಂದ ಇಸವಿರಿ. ಗಾದೆಪ್ಪ ಬಾರಿಸಿದ್ದು ಆಣಿಗಿಂತ ಮೊದಲು, ಎರಡು ಸಾವಿರದ ಡಿಸೆಂಬರ್. ನೋಡ್ರಿ, ಇಲ್ಲಿ ಬರದೀನಿ" ಎಂದು ಹಳೆಯ ಕ್ಯಾಸೆಟ್ಟಿನ ಚೀಟಿ ತೋರಿಸಿದ.

"ಯಾರ ಕೈಬರಹ?"

"ನಂದರಿ."

ಹಿಂದಿನಿಂದ ಅಂಜಿನಕ್ಕ ಎಂಬ ಮುದುಕಿ, "ತಮ್ಮ ಹೊಲದ ಗಡಿಕಲ್ಲು ತಾವ ನೆಟ್ಟಂಗಾತು" ಎಂದಳು. ಜನ ನಕ್ಕರು. ಅರುಣ ಎದ್ದು ನಿಂತ.

"ದೇವರಾಣಿಗೂ ಖರೇವ್ರಿ. ನಾ ಅವನ್ನ ಕೇಳಲಾರದ ಹಾಕೀನಿ. ತಪ್ಪು ನಂದು. ನನ್ನ ಮಾತು ನಂಬ್ರಿ."

ದುರುಗಪ್ಪನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಮೆಲ್ಲಗೇ ಹೇಳಿದ. "ಇಷ್ಟು ದಿನ ಹಂಗ ನಡದೈತ್ರಿ ಸಾವುಕಾರ್ರ. ಊರಾಗಿನವರು ಬಂದು ಹೇಳಿದ್ರ ಆತು, ಕೇರಿ ನಂಬತಿತ್ತು. ಅದ ಬ್ಯಾಡಂತನ ನಾವು ಆಣಿ ಮಾಡಿದ್ದು. ನೀವು ಅವನ ಪರ ಹೇಳಿದಷ್ಟು ಅವಗ ತ್ರಾಸು."

ಆಗ ಗಾದೆಪ್ಪ ಬಾಯಿ ಬಿಟ್ಟ.

"ನನ್ನ ಮಾತು ಬ್ಯಾಡ, ಅವರ ಮಾತೂ ಬ್ಯಾಡ. ಆ ಹಳೀ ಕ್ಯಾಸೆಟ್ಟಿನ್ಯಾಗ ಬರೀ ಬಾರ್ಸಿದ್ದೈತಿ. ಅದರಾಗಿರೋ ಹಲಗಿ ಜಂಬಣ್ಣ ಮಾವಂದು. ಅದನ್ನ ನಿಮ್ಮೆಲ್ಲಾರ ಮುಂದ ಇದ ಜಾಗದಾಗ ಸುಟ್ಟೀನಿ. ಸುಟ್ಟ ಹಲಗೀನ ಈ ವರ್ಷ ಹೆಂಗ ಬಾರಸ್ಲಿ? ಮಾವಗ ಕೇಳಸ್ರಿ. ತನ್ನ ಹಲಗಿ ಧ್ವನಿ ಅವಗ ಗುರ್ತು ಸಿಗತೈತಿ. ಅವ ಹೌದು ಅಂದ್ರ ಹೌದು, ಅಲ್ಲ ಅಂದ್ರ ಅಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ನ್ಯಾಯದ್ದಾಗಿತ್ತು. ಜಂಬಣ್ಣನ ಜೋಡಿ ಬಾರಿಸಿದವರೆಲ್ಲ ಸತ್ತಿದ್ದರು. ಆ ಹಲಗೆಯ ದನಿ ಇದೇ ಎಂದು ಆಣೆಯಿಟ್ಟು ಹೇಳಬಲ್ಲ ಕಿವಿ ಕೇರಿಯಲ್ಲಿ ಅದೊಂದೇ ಉಳಿದಿತ್ತು. ಮುದುಕನನ್ನು ಕೈಹಿಡಿದು ಕರೆತಂದು ಕೂರಿಸಿದರು. ಅರುಣ ಟೇಪ್ ರೆಕಾರ್ಡರನ್ನು ಅವನ ಮೊಳಕಾಲ ಹತ್ತಿರ ಇಟ್ಟು ಮೂರನೇ ಹಾಡು ಹಚ್ಚಿದ.

ಮೊದಲ ಏಟು. ಅದರ ಬಾಲಕ್ಕೆ ಆ 'ಜರ್‌ರ್'. ಜಂಬಣ್ಣನ ಕಣ್ಣು ಮುಚ್ಚಿತು. ಮುಂದೆ ಹಲಗೆಯೊಂದೇ ಓಡುವ ಜಾಗ ಬಂದಾಗ ಅವನ ತೋರುಬೆರಳು ಧೋತರದ ಮೇಲೆ ಒಮ್ಮೆ ಎದ್ದು ಬಿತ್ತು. ಅರುಣ ಅದನ್ನು ನೋಡಿದ. ಗಾದೆಪ್ಪನೂ ನೋಡಿದ. ಅವನ ಮುಖದಲ್ಲಿ ಎರಡು ವರ್ಷದ ಮೇಲೆ ಏನೋ ಸಡಿಲಾದ ಹಾಗಾಯಿತು.

ಟೇಪು ನಿಂತಿತು.

"ಹೇಳಪ ಜಂಬಣ್ಣ" ಎಂದ ದುರುಗಪ್ಪ.

ಮುದುಕ ಬೇವಿನ ಬೇರನ್ನು ನೋಡುತ್ತ, "ನಂದಲ್ಲ ಇದು" ಎಂದ.

"ಮಾವಾ" ಎಂದ ಗಾದೆಪ್ಪ.

"ನನ್ನ ಹಲಗಿ ನಂಗ ಗೊತ್ತಿಲ್ಲೇನು? ಇದು ಬ್ಯಾರೆ ಯಾವ್ದೋ" ಎಂದು ಕೈಯೂರಿ ಎದ್ದು, ಯಾರ ಕೈಯನ್ನೂ ಹಿಡಿಯದೆ ಮನೆಗೆ ಹೋದ.

ಆಮೇಲೆ ನಡೆದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಘದ ಪುಸ್ತಕ ತರಿಸಿದರು. ಮೊದಲನೇ ಹೆಸರಿನ ಮೇಲೆ ದುರುಗಪ್ಪ ಗೀಟು ಎಳೆದ. ಜನ ಎದ್ದು ಚದುರಿದರು. ಅರುಣ ಮತ್ತೆ ಕುರ್ಚಿಯಲ್ಲಿ ಕೂತಿದ್ದ, ಯಾವಾಗ ಕೂತನೋ ಅವನಿಗೇ ತಿಳಿಯದು.

"ಏಳ್ರಿ. ಬಸ್ ಬರೋ ಹೊತ್ತಾತು" ಎಂದ ಗಾದೆಪ್ಪ.

"ಗಾದೆಪ್ಪಾ, ನಾ..."

"ಒಂದ್ ಮಾತು ಕೇಳಬೇಕಾಗಿತ್ರಿ."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಹೌದು" ಎಂದ ಗಾದೆಪ್ಪ. "ಬ್ಯಾಡ ಅಂತಿದ್ದೆ." ಕುರ್ಚಿಯನ್ನು ಎತ್ತಿಕೊಂಡು, ಯಾರ ಮನೆಯದೋ ಅಲ್ಲಿಗೆ ಕೊಡಲು ಹೋದ.

ರಸ್ತೆಯ ಬದಿಯಲ್ಲಿ ಬಸ್ಸಿಗೆ ನಿಂತಾಗ ಜಂಬಣ್ಣ ಕೋಲೂರಿಕೊಂಡು ಅಲ್ಲಿಗೇ ಬಂದ. ಆಚೀಚೆ ನೋಡಿ, ಅರುಣನ ಚೀಲದ ಕಡೆ ಗದ್ದ ತೋರಿಸಿದ.

"ಇನ್ನೊಂದ್ಸಲ ಹಚ್ಚು."

ಅರುಣ ಚೀಲವನ್ನು ಹಿಂದಕ್ಕೆ ಎಳೆದುಕೊಂಡ. "ನಿಂಗ ಗುರ್ತು ಸಿಕ್ಕಿತ್ತಲ್ಲ ಯಜಮಾನಾ?"

"ಮೊದಲ್ನೇ ಏಟಿಗೇ ಸಿಕ್ತು."

"ಮತ್ಯಾಕ ಹಂಗಂದಿ? ಈಗರ ಬಾ, ಹೇಳು. ಇನ್ನಾ ಹೊತ್ತು ಮೀರಿಲ್ಲ."

"ಐವತ್ತು ವರ್ಷ ಬಾರ್ಸೀನಿ ತಮ್ಮಾ. ಹೆಣದ ಮುಂದ, ಇಡೀ ಊರ ಮುಂದ, ನನ್ನ ಹೆಗಲಿಂದ ಕಸಗಂಡ. ಮಾವಾ, ಯಾಕ ಬಂದಿ ಅಂತ ಒಂದ್ ಮಾತು ಕೇಳಿದ್ರ ನಾನ ತಗದು ಕೊಡತಿದ್ದೆ. ನಾ ಹೇಳಂಗಿಲ್ಲ. ಸತ್ರೂ ಹೇಳಂಗಿಲ್ಲ. ಹಚ್ಚು."

ಅರುಣ ಹಚ್ಚಿದ. ಬೇಡವೆನ್ನಲು ಅವನಿಂದ ಆಗಲಿಲ್ಲ. ಜಾಲಿಯ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಮುದುಕ ಟೇಪಿಗೆ ಕಿವಿ ಹಚ್ಚಿ ಪೂರ್ತಿ ಕೇಳಿದ. "ಚಲೋ ಬಾರಸ್ಯಾನ ಮಗ. ನನಗಿಂತ ಚಲೋ" ಎಂದ. ಬಸ್ಸು ಬಂತು.

ಅರುಣ ಮಾರದೆ ಉಳಿದ ಕ್ಯಾಸೆಟ್ಟುಗಳನ್ನು ಅಂಗಡಿಗಳಿಂದ ವಾಪಸು ತಂದ. ಕೂಡ್ಲಿಗಿಯಲ್ಲಿ ಮಾತ್ರ ಹತ್ತಕ್ಕೆ ಹತ್ತೂ ಖರ್ಚಾಗಿದ್ದವು. ಶ್ರೀನಾಥ ಬೇಸ್ ಗಿಟಾರನ್ನು ಮಲ್ಲನಗೌಡನ ಆರ್ಕೆಸ್ಟ್ರಾಕ್ಕೆ ಕೊಟ್ಟು, ತಾನೂ ಅದರ ಜೊತೆಗೇ ಸೇರಿಕೊಂಡ. ಗುರುಸಂಗಪ್ಪನವರು ಗೋದಾಮಿನಲ್ಲಿ ಖಾಲಿಯಾದ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ತರಿಸಿದರು.

ಕಾರ್ತಿಕದಲ್ಲಿ ಗಾದೆಪ್ಪನ ಊರಿನಿಂದ ಶಾಮಿಯಾನಕ್ಕೆ ಹೇಳಿಕೆ ಬಂತು. ತೀರಿಹೋದ ಗೌಡರ ಹೆಂಡತಿ ಸತ್ತಿದ್ದಳು. ಅರುಣ ಹೋಗಲಾರೆ ಎಂದ. ಅಪ್ಪನಿಗೆ ಮಂಡಿನೋವು, ಬೇರೆ ಯಾರೂ ಇರಲಿಲ್ಲ. ಗೌಡರ ಮನೆಯ ಅಂಗಳದಲ್ಲಿ ಎರಡು ಕಂಬ ನಿಂತಿದ್ದವು, ಮೂರನೆಯದಕ್ಕೆ ಅವನು ಹಗ್ಗ ಬಿಗಿಯುತ್ತಿದ್ದ. ಅಷ್ಟರಲ್ಲಿ ಮೂವರು ಹುಡುಗರು ಬಂದು ಅಂಗಳದಾಚೆ ನಿಂತರು. ಕೇರಿಯವರು. ಹೆಗಲಲ್ಲಿ ಹೊಸ ಹಲಗೆ. ಒಬ್ಬ ಹುಲ್ಲು ಕೂಡಿಸಿ ಕಡ್ಡಿ ಗೀರಿ ಕಾಸತೊಡಗಿದ.

ಅರುಣ ಹಗ್ಗ ಹಿಡಿದುಕೊಂಡೇ ಅವರ ಕಡೆ ನೋಡಿದ. "ಏನ್ರಪ, ಆಣಿ ಇತ್ತಲ್ಲ?"

"ಯಾರ ಆಣಿ ಅಣ್ಣಾರ?" ಎಂದ ಹಲಗೆ ಕಾಸುತ್ತಿದ್ದವನು. "ಆಣಿ ಮಾಡ್ಸಿದಾವನ ಬಾರಸ್ಯಾನ, ನಮ್ದೇನು? ನಾಕ್ ಜನ ಶುರು ಮಾಡ್ಯಾರ ಈಗ." ಆಮೇಲೆ ಅರುಣನ ಗುರುತು ಹತ್ತಿ ಅವನ ಮುಖ ಅರಳಿತು. "ನೀವು ಕೊಟ್ಟೂರು ಅಣ್ಣಾರಲ್ಲ? ನಿಮ್ಮ ಕ್ಯಾಸೆಟ್ ನಮ್ಮತ್ರ ಐತ್ರಿ! ಕಲಿಸಾಕ ಯಾರದಾರ ನಮಗ? ಅದನ್ನ ಹಚ್ಚಿ ಹಚ್ಚಿ ಕಲ್ತ್ವಿ. ಮೂರನೇದು ಪೂರ್ತಿ ಬರತೈತಿ. ಕೇಳ್ರಿ ಬೇಕಾದ್ರ."

"ಗಾದೆಪ್ಪ ಎಲ್ಲದಾನ?"

"ಮನ್ಯಾಗ ಅದಾನ್ರಿ. ಬಾಗಲಾ ಹಾಕ್ಯಂಡಾನ."

ಕೇರಿ ಅಲ್ಲಿಂದ ದೂರವೇನಲ್ಲ. ಒಂದು ಹೊಲದ ಅಗಲ. ಹುಡುಗರು ಹಲಗೆ ಏರಿಸಿ ಶುರು ಮಾಡಿದರು. ಒಂದು ಏಟೂ ತಪ್ಪಲಿಲ್ಲ. ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದರು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟರು. ಗೌಡರ ಮನೆಯವರೊಬ್ಬರು ಹೊರಗೆ ಬಂದು ಮೆಚ್ಚಿಕೊಂಡು ತಲೆ ಆಡಿಸಿ, ಅರುಣನ ಕಡೆ ತಿರುಗಿ, ಹೆಣ ಎತ್ತೋದರೊಳಗೆ ಇನ್ನೊಂದು ಐವತ್ತು ಕುರ್ಚಿ ಹಾಕಿಸಪಾ ಎಂದರು.

ಅರುಣ ಹಗ್ಗದ ಗಂಟು ಬಿಗಿದು ಕುರ್ಚಿ ಇಳಿಸಲು ಟೆಂಪೋದ ಕಡೆ ನಡೆದ.